1945ರ ನಂತರದ ಅಮೆರಿಕ: ಆ ಒಳ್ಳೆಯ ದಿನಗಳ ದುಡ್ಡು ಎಲ್ಲಿಂದ ಬಂತು, ಯಾರಿಗೆ ಹೋಯಿತು?

ಅಮೆರಿಕದ ರಾಜಕೀಯದಲ್ಲಿ ಎಡದವರೂ ಬಲದವರೂ ಒಪ್ಪುವ ವಿಷಯ ತೀರಾ ಕಮ್ಮಿ. ಆದರೆ 1950ರ ದಶಕದ ಮಾತು ಬಂದರೆ ಮಾತ್ರ ಇಬ್ಬರ ಮುಖವೂ ಅರಳುತ್ತದೆ. ಅಪ್ಪ ಫ್ಯಾಕ್ಟರಿಗೆ ಹೋಗುತ್ತಿದ್ದ. ಒಬ್ಬನ ಸಂಬಳದಲ್ಲೇ ಸ್ವಂತ ಮನೆ, ಒಂದು ಕಾರು, ಮೂರು ಮಕ್ಕಳು, ರಜೆಯಲ್ಲಿ ಒಂದು ಟ್ರಿಪ್ಪು ಎಲ್ಲ ನಡೆಯುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಪ್ರಪಂಚದ ಬಹುಪಾಲು ದೇಶಗಳ ಮೇಲೆ ಸುಂಕ ಹಾಕಿದಾಗ ಕೊಟ್ಟ ದೊಡ್ಡ ಕಾರಣ ಫ್ಯಾಕ್ಟರಿಗಳು ವಾಪಸ್ ಬರಬೇಕು ಅನ್ನುವುದೇ. ಆ ಕಡೆ ಎಡಪಂಥದ ಸೆನೆಟರ್ ಬರ್ನಿ ಸ್ಯಾಂಡರ್ಸ್ ಅದೇ ಕಾಲವನ್ನು ತೋರಿಸಿ, ನೋಡಿ ಆಗ ಶ್ರೀಮಂತರ ಮೇಲೆ ಎಷ್ಟು ತೆರಿಗೆ ಇತ್ತು ಅನ್ನುತ್ತಾರೆ.

ಇಬ್ಬರೂ ತಮಗೆ ಬೇಕಾದ ಅರ್ಧವನ್ನು ಎತ್ತಿಕೊಂಡು ಉಳಿದರ್ಧವನ್ನು ಅಲ್ಲೇ ಬಿಡುತ್ತಾರೆ. ನನಗೆ ಅನಿಸುವುದು ಇಷ್ಟು. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಮಧ್ಯಮ ವರ್ಗ ತಾನಾಗಿ ಹುಟ್ಟಲಿಲ್ಲ. ಸರ್ಕಾರ ದುಡ್ಡು ಹಾಕಿ, ಸಾಲಕ್ಕೆ ಜಾಮೀನು ನಿಂತು, ರಸ್ತೆ ಹಾಕಿಸಿ, ಯಾರಿಗೆ ಸಿಗಬೇಕು ಯಾರಿಗೆ ಸಿಗಬಾರದು ಎಂದು ಫಾರಂ ತುಂಬಿಸಿಯೇ ಅದನ್ನು ಕಟ್ಟಿತು. ಇವತ್ತು ಅಲ್ಲಿ ಮನೆ ಬೆಲೆ, ಆಸ್ಪತ್ರೆ ಬಿಲ್ಲು, ಕರಿಯರು ಬಿಳಿಯರ ನಡುವಿನ ಆಸ್ತಿಯ ಅಂತರ ಅಂತ ನಡೆಯುತ್ತಿರುವ ಜಗಳಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಹತ್ತು ವರ್ಷಗಳಲ್ಲಿ ತೆಗೆದುಕೊಂಡ ತೀರ್ಮಾನಗಳ ಮುಂದುವರಿಕೆ, ಅಷ್ಟೇ.

ಮೊದಲು 1945ಕ್ಕೆ ಹೋಗೋಣ. ಯುದ್ಧ ಗೆದ್ದ ದೇಶದಲ್ಲಿ ಸಂಭ್ರಮ ಇತ್ತು ನಿಜ, ಆದರೆ ಅದರ ಜೊತೆಗೇ ದೊಡ್ಡ ಭಯವೂ ಇತ್ತು. ಸುಮಾರು 1.6 ಕೋಟಿ ಜನ ಯುದ್ಧದ ಕಾಲದಲ್ಲಿ ಸೇನೆಯ ಸಮವಸ್ತ್ರ ಹಾಕಿದ್ದರು. ಅವರೆಲ್ಲ ಒಟ್ಟಿಗೆ ಊರಿಗೆ ಬಂದರೆ ಕೆಲಸ ಎಲ್ಲಿದೆ? ಟ್ಯಾಂಕು, ವಿಮಾನ, ಹಡಗು ಮಾಡುತ್ತಿದ್ದ ಕಾರ್ಖಾನೆಗಳ ಆರ್ಡರ್‌ಗಳು ವಾರಗಳೊಳಗೆ ರದ್ದಾಗುತ್ತಿದ್ದವು. ಮುಂದೆ ನೊಬೆಲ್ ಪಡೆದ ಪಾಲ್ ಸ್ಯಾಮ್ಯುಯೆಲ್ಸನ್ ಅವರಂಥ ಅರ್ಥಶಾಸ್ತ್ರಜ್ಞರೇ ಭಾರಿ ನಿರುದ್ಯೋಗ ಬರಬಹುದು ಎಂದು ಎಚ್ಚರಿಸಿದ್ದರು. 1930ರ ದಶಕದ ಆರ್ಥಿಕ ಕುಸಿತ ಇನ್ನೂ ಎಲ್ಲರ ನೆನಪಿನಲ್ಲಿ ಹಸಿಯಾಗಿತ್ತು.

ಇನ್ನೊಂದು ನೆನಪೂ ಇತ್ತು, ಅದು ರಾಜಕಾರಣಿಗಳ ನಿದ್ದೆ ಕೆಡಿಸುವಂಥದ್ದು. ಮೊದಲ ಮಹಾಯುದ್ಧದ ಸೈನಿಕರಿಗೆ 1924ರಲ್ಲಿ ಒಂದು ಬೋನಸ್ ಘೋಷಿಸಿದ್ದರು. ಆದರೆ ದುಡ್ಡು ಕೈಗೆ ಬರುವುದು 1945ಕ್ಕೆ! ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಸಾವಿರಾರು ಮಾಜಿ ಸೈನಿಕರು 1932ರಲ್ಲಿ ಹೆಂಡತಿ ಮಕ್ಕಳ ಸಮೇತ ವಾಷಿಂಗ್ಟನ್‌ಗೆ ಬಂದು, ಗುಡಿಸಲು ಹಾಕಿಕೊಂಡು, ನಮ್ಮ ದುಡ್ಡು ಈಗಲೇ ಕೊಡಿ ಅಂತ ಕೂತರು. ಅಧ್ಯಕ್ಷ ಹೂವರ್ ಸೇನೆ ಕಳಿಸಿದರು. ಜನರಲ್ ಮ್ಯಾಕ್‌ಆರ್ಥರ್ ನೇತೃತ್ವದಲ್ಲಿ ಟ್ಯಾಂಕು, ಅಶ್ರುವಾಯು ತಂದು ಅವರನ್ನು ಓಡಿಸಿದರು, ಗುಡಿಸಲುಗಳು ಸುಟ್ಟುಹೋದವು. ತನ್ನದೇ ಸೈನಿಕರ ಮೇಲೆ ತನ್ನದೇ ಸೇನೆ. ಅದೇ ವರ್ಷದ ಚುನಾವಣೆಯಲ್ಲಿ ಹೂವರ್ ಹೀನಾಯವಾಗಿ ಸೋತರು.

ಹಾಗಾಗಿ ಈ ಸಲ ಯುದ್ಧ ಮುಗಿಯುವ ಮೊದಲೇ ತಯಾರಿ ನಡೆಯಿತು. 1944ರ ಜೂನ್ 22ರಂದು ರೂಸ್‌ವೆಲ್ಟ್ ಸಹಿ ಹಾಕಿದ ಕಾನೂನನ್ನು ಎಲ್ಲರೂ ಜಿಐ ಬಿಲ್ ಎಂದೇ ಕರೆದರು (ಜಿಐ ಅಂದರೆ ಅಮೆರಿಕದ ಸಾಮಾನ್ಯ ಸೈನಿಕ). ಅದರ ಮೊದಲ ಕರಡನ್ನು ಹ್ಯಾರಿ ಕೋಲ್ಮರಿ ಎಂಬ ವಕೀಲರು ವಾಷಿಂಗ್ಟನ್‌ನ ಮೇಫ್ಲವರ್ ಹೋಟೆಲಿನ ಕಾಗದದ ಮೇಲೆ ಕೈಯಲ್ಲಿ ಬರೆದಿದ್ದರು. ಅದರಲ್ಲಿ ಏನಿತ್ತು? ಕೆಲಸ ಸಿಗದಿದ್ದರೆ ವಾರಕ್ಕೆ 20 ಡಾಲರಿನಂತೆ 52 ವಾರ ಭತ್ಯೆ. ಓದುವುದಾದರೆ ವರ್ಷಕ್ಕೆ 500 ಡಾಲರ್‌ವರೆಗೆ ಫೀ, ಜೊತೆಗೆ ಖರ್ಚಿಗೆ ತಿಂಗಳ ಭತ್ಯೆ. ಮನೆ ಕೊಳ್ಳುವುದಾದರೆ ಬ್ಯಾಂಕಿನ ಸಾಲಕ್ಕೆ ಸರ್ಕಾರದ ಖಾತ್ರಿ. ಆಗ ಹಾರ್ವರ್ಡ್‌ನ ವರ್ಷದ ಫೀ 400 ಡಾಲರ್. ಅಂದರೆ ಸೀಟು ಸಿಕ್ಕರೆ ಗದ್ದೆ ಉಳುತ್ತಿದ್ದವನ ಮಗನೂ ಹಾರ್ವರ್ಡ್‌ಗೆ ಹೋಗಬಹುದಿತ್ತು.

ವಿಶ್ವವಿದ್ಯಾಲಯಗಳ ದೊಡ್ಡವರಿಗೆ ಇದು ಇಷ್ಟವಾಗಲಿಲ್ಲ. ಶಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್ ಹಚಿನ್ಸ್, ಇದರಿಂದ ಕಾಲೇಜುಗಳು ಕೆಲಸವಿಲ್ಲದವರು ಬಂದು ಬೀಳುವ ಜಾಗವಾಗುತ್ತವೆ ಎಂಬ ಅರ್ಥದಲ್ಲಿ ಬರೆದರು. ಆದದ್ದು ಉಲ್ಟಾ. ಬಂದವರು ಮೈ ಬಗ್ಗಿಸಿ ಓದಿದರು. 1947ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಮಾಜಿ ಸೈನಿಕರು. 1956ರ ಹೊತ್ತಿಗೆ 78 ಲಕ್ಷ ಮಂದಿ ಈ ಕಾನೂನಿನಡಿ ಓದಿದ್ದರು ಅಥವಾ ಕೆಲಸ ಕಲಿತಿದ್ದರು. ಅದರಲ್ಲಿ ಕಾಲೇಜಿಗೆ ಹೋದವರು ಸುಮಾರು 22 ಲಕ್ಷ, ಉಳಿದವರು ವೆಲ್ಡಿಂಗು, ರೇಡಿಯೋ ರಿಪೇರಿ, ವ್ಯವಸಾಯ ಇಂಥದ್ದನ್ನು ಕಲಿತವರು. ಈ ಎರಡನೇ ಗುಂಪಿನ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ಆದರೆ ಸಂಖ್ಯೆಯಲ್ಲಿ ಅವರೇ ದೊಡ್ಡವರು.

ಹೆದರಿದಂಥ ನಿರುದ್ಯೋಗ ಬರಲೇ ಇಲ್ಲ. 1946ರಲ್ಲಿ ಅದು ಶೇ. 4ರ ಆಸುಪಾಸಿನಲ್ಲೇ ಇತ್ತು. ಯಾಕೆ? ಒಂದು, ಯುದ್ಧದ ವರ್ಷಗಳಲ್ಲಿ ಎಲ್ಲರಿಗೂ ಕೆಲಸ ಇತ್ತು, ಆದರೆ ಕೊಳ್ಳೋಕೆ ಸಾಮಾನು ಇರಲಿಲ್ಲ. ಹೊಸ ಕಾರು ತಯಾರಿಕೆಯೇ ನಿಂತಿತ್ತು, ಸಕ್ಕರೆ ಮಾಂಸ ಪೆಟ್ರೋಲ್ ಎಲ್ಲಕ್ಕೂ ರೇಷನ್. ದುಡ್ಡು ಬ್ಯಾಂಕಿನಲ್ಲಿ, ಯುದ್ಧ ಬಾಂಡ್‌ಗಳಲ್ಲಿ ಕೂತಿತ್ತು. ಸುಮಾರು 8.5 ಕೋಟಿ ಜನ ಬಾಂಡ್ ಕೊಂಡಿದ್ದರು. ಎರಡು, ಬಂದ ಸೈನಿಕರಲ್ಲಿ ಲಕ್ಷಾಂತರ ಜನ ಕೆಲಸ ಹುಡುಕುವ ಬದಲು ಕಾಲೇಜಿಗೆ ಹೋದರು. ಮೂರನೆಯದನ್ನು ಸ್ವಲ್ಪ ತಗ್ಗಿದ ದನಿಯಲ್ಲೇ ಹೇಳುತ್ತಾರೆ: ಹೆಂಗಸರನ್ನು ಕೆಲಸದಿಂದ ಕಳಿಸಿದರು. ಅದಕ್ಕೆ ಆಮೇಲೆ ಬರುತ್ತೇನೆ.

ಹಾಗಂತ 1946 ಸಿಹಿ ವರ್ಷ ಅಂದುಕೊಳ್ಳಬೇಡಿ. ಈ ಹಳೇ ದಿನಗಳ ಹಂಬಲದಲ್ಲಿ ಎಲ್ಲರೂ ಮರೆಯುವ ವರ್ಷವೇ ಇದು. ಯುದ್ಧಕಾಲದ ಬೆಲೆ ನಿಯಂತ್ರಣ ತೆಗೆದ ಕೂಡಲೇ ಬೆಲೆಗಳು ಗಗನಕ್ಕೆ ಹೋದವು. 1947ರ ಆರಂಭದಲ್ಲಿ ಬೆಲೆಗಳು ಹಿಂದಿನ ವರ್ಷಕ್ಕಿಂತ ಶೇ. 20ರ ಹತ್ತಿರ ಹೆಚ್ಚಿದ್ದವು. ಅಂಗಡಿಯಲ್ಲಿ ಮಾಂಸವೇ ಸಿಗದ ವಾರಗಳಿದ್ದವು. ಓವರ್‌ಟೈಮ್ ಹೋಗಿ ಸಂಬಳ ಇಳಿದಿತ್ತು. ಕಾರ್ಮಿಕರು ಸುಮ್ಮನೆ ಕೂರಲಿಲ್ಲ. 1946ರಲ್ಲಿ ಮುಷ್ಕರ ಹೂಡಿದವರು ಸುಮಾರು 46 ಲಕ್ಷ ಜನ. ಜನರಲ್ ಮೋಟರ್ಸ್ ಕಂಪನಿಯಲ್ಲಿ ಮುಷ್ಕರ 113 ದಿನ ನಡೆಯಿತು. ಅಲ್ಲಿನ ಕಾರ್ಮಿಕ ನಾಯಕ ವಾಲ್ಟರ್ ರಾಯ್ಥರ್ ಕೇಳಿದ್ದು ಕೇಳಿದರೆ ಈಗಲೂ ಆಶ್ಚರ್ಯವಾಗುತ್ತದೆ: ಸಂಬಳ ಶೇ. 30 ಏರಿಸಿ, ಆದರೆ ಕಾರಿನ ಬೆಲೆ ಏರಿಸಬೇಡಿ, ಆಗುವುದಿಲ್ಲ ಅನ್ನುವುದಾದರೆ ನಿಮ್ಮ ಲೆಕ್ಕಪುಸ್ತಕ ತೆಗೆದು ತೋರಿಸಿ. ಕಂಪನಿ ಪುಸ್ತಕ ತೋರಿಸಲಿಲ್ಲ. ಕೊನೆಗೆ ಕೇಳಿದ್ದಕ್ಕಿಂತ ಕಮ್ಮಿಗೆ ರಾಜಿಯಾಯಿತು. ರೈಲ್ವೆ ಮುಷ್ಕರವಾದಾಗ ಅಧ್ಯಕ್ಷ ಟ್ರೂಮನ್, ಮುಷ್ಕರ ಹೂಡಿದವರನ್ನು ಸೇನೆಗೆ ಸೇರಿಸಿ ಕೆಲಸ ಮಾಡಿಸುತ್ತೇನೆ ಎನ್ನುವವರೆಗೂ ಹೋದರು. ಜನ ಅದೇ ನವೆಂಬರ್‌ನಲ್ಲಿ ಅವರ ಪಕ್ಷವನ್ನು ಸಂಸತ್ತಿನ ಎರಡೂ ಸದನಗಳಲ್ಲಿ ಸೋಲಿಸಿದರು. ಗೆದ್ದ ರಿಪಬ್ಲಿಕನ್ನರು 1947ರಲ್ಲಿ ಟ್ರೂಮನ್ ಬೇಡ ಅಂದರೂ ಕೇಳದೆ ಟಾಫ್ಟ್-ಹಾರ್ಟ್ಲಿ ಕಾನೂನು ತಂದು ಯೂನಿಯನ್‌ಗಳ ಕೈ ಕಟ್ಟಿದರು.

ಆದರೂ ಆ ಜಗಳದಿಂದಲೇ 1950ರ ಒಪ್ಪಂದ ಹುಟ್ಟಿತು. ಜನರಲ್ ಮೋಟರ್ಸ್ ಮತ್ತು ಕಾರು ಕಾರ್ಮಿಕರ ಯೂನಿಯನ್ ಐದು ವರ್ಷಕ್ಕೆ ಮಾಡಿಕೊಂಡ ಕರಾರಿನಲ್ಲಿ ಬೆಲೆ ಏರಿದಂತೆ ಸಂಬಳ ಏರಬೇಕು, ಪಿಂಚಣಿ ಇರಬೇಕು, ಆಸ್ಪತ್ರೆ ವಿಮೆಯ ಖರ್ಚಿನಲ್ಲಿ ಕಂಪನಿ ಪಾಲು ಹಾಕಬೇಕು ಅಂತೆಲ್ಲ ಬಂತು. ಬದಲಿಗೆ ಯೂನಿಯನ್ ಐದು ವರ್ಷ ಶಾಂತವಾಗಿರಬೇಕು, ಕಂಪನಿ ಹೇಗೆ ನಡೆಸುತ್ತೀರಿ ಎಂದು ಕೇಳಬಾರದು. ಒಬ್ಬನ ಸಂಬಳದಲ್ಲಿ ಮನೆ ನಡೆಯುತ್ತಿತ್ತು ಅನ್ನುವ ಮಾತಿನ ಹಿಂದೆ ಇರುವುದು ಈ ಕರಾರು. 1950ರ ದಶಕದ ಮಧ್ಯದಲ್ಲಿ ಅಮೆರಿಕದ ಕೆಲಸಗಾರರಲ್ಲಿ ಮೂರರಲ್ಲೊಬ್ಬರು ಯೂನಿಯನ್ ಸದಸ್ಯರು. ಈಗ ಹತ್ತರಲ್ಲೊಬ್ಬರು, ಖಾಸಗಿ ಕಂಪನಿಗಳಲ್ಲಂತೂ ನೂರಕ್ಕೆ ಆರು. ಸುಂಕ ಹಾಕಿ ಫ್ಯಾಕ್ಟರಿ ತರುತ್ತೇವೆ ಅನ್ನುವವರು ಈ ಲೆಕ್ಕವನ್ನು ಬಾಯಿ ತಪ್ಪಿಯೂ ಹೇಳುವುದಿಲ್ಲ. ಯೂನಿಯನ್ ಬರುವ ಮುಂಚೆ, 1920ರ ದಶಕದಲ್ಲಿ, ಕಾರಿನ ಫ್ಯಾಕ್ಟರಿ ಕೆಲಸ ಯಾರೂ ಕನಸು ಕಾಣುವಂಥ ಕೆಲಸವಾಗಿರಲಿಲ್ಲ. ಬೇಕೆಂದಾಗ ಕರೆದು ಬೇಡವೆಂದಾಗ ಕಳಿಸುತ್ತಿದ್ದರು.

ಈಗ ಮನೆ. ಇದನ್ನು ಸ್ವಲ್ಪ ಹತ್ತಿರ ಹೋಗಿ ನೋಡಬೇಕು, ಏಕೆಂದರೆ ಇಡೀ ಕಥೆ ಇಲ್ಲೇ ಇದೆ.

ಯುದ್ಧ ಮುಗಿದಾಗ ಅಮೆರಿಕದಲ್ಲಿ ಮನೆಗಳೇ ಇರಲಿಲ್ಲ. ಹದಿನೈದು ವರ್ಷ ಯಾರೂ ಸರಿಯಾಗಿ ಕಟ್ಟಿರಲಿಲ್ಲ. ಮದುವೆಯಾದ ಸೈನಿಕರು ಅತ್ತೆ ಮನೆಯ ಒಂದು ರೂಮಿನಲ್ಲಿ, ಸೇನೆಯ ತಗಡಿನ ಶೆಡ್ಡುಗಳಲ್ಲಿ ಇದ್ದರು. ಶಿಕಾಗೋದಲ್ಲಿ ಹಳೆಯ ಟ್ರಾಮ್ ಬೋಗಿಗಳನ್ನು ಮನೆ ಮಾಡಿಕೊಳ್ಳಲು ಮಾರಿದರು. ಆಗ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡ್‌ನಲ್ಲಿ ಲೆವಿಟ್ ಎಂಬ ಅಪ್ಪ ಮಕ್ಕಳ ಕಂಪನಿ ಆಲೂಗಡ್ಡೆ ಹೊಲಗಳನ್ನು ಕೊಂಡು 1947ರಲ್ಲಿ ಮನೆ ಕಟ್ಟಲು ಶುರುಮಾಡಿತು. ಮಗ ವಿಲಿಯಂ ಲೆವಿಟ್ ಯುದ್ಧದಲ್ಲಿ ನೌಕಾಪಡೆಯ ಕಟ್ಟಡ ವಿಭಾಗದಲ್ಲಿದ್ದವರು. ಕಾರಿನ ಫ್ಯಾಕ್ಟರಿಯಲ್ಲಿ ಕಾರು ಮುಂದೆ ಹೋಗುತ್ತದೆ, ಕೆಲಸಗಾರ ನಿಂತಲ್ಲೇ ಇರುತ್ತಾನೆ. ಇಲ್ಲಿ ಮನೆ ನಿಂತಲ್ಲೇ ಇತ್ತು, ಕೆಲಸಗಾರರು ಮುಂದೆ ಹೋಗುತ್ತಿದ್ದರು. ಒಂದು ಮನೆಯ ಕೆಲಸವನ್ನು 27 ಹಂತಗಳಾಗಿ ಒಡೆದಿದ್ದರು. ಒಂದು ತಂಡ ಬರೀ ಕಾಂಕ್ರೀಟ್ ಹಾಸು ಹಾಕಿ ಮುಂದಿನ ಮನೆಗೆ ಹೋಗಬೇಕು. ಬಿಳಿ ಬಣ್ಣ ಬಳಿಯುವವರು ಬರೀ ಬಿಳಿ, ಕೆಂಪು ಬಳಿಯುವವರು ಬರೀ ಕೆಂಪು. ವಾಷಿಂಗ್ ಮಷಿನ್ನನ್ನು ನೆಲಕ್ಕೆ ಬೋಲ್ಟ್ ಹಾಕುವುದೇ ಒಬ್ಬನ ಇಡೀ ದಿನದ ಕೆಲಸ. ಜೋರಾಗಿ ನಡೆಯುವಾಗ ದಿನಕ್ಕೆ 30ಕ್ಕೂ ಹೆಚ್ಚು ಮನೆ ಏಳುತ್ತಿದ್ದವು. 1951ರ ಹೊತ್ತಿಗೆ ಅಲ್ಲಿ 17,000ಕ್ಕೂ ಹೆಚ್ಚು ಮನೆಗಳಾದವು. ಊರಿಗೆ ಲೆವಿಟ್‌ಟೌನ್ ಅಂತಲೇ ಹೆಸರು.

ಮನೆ ಎಷ್ಟು ದೊಡ್ಡದು? 750ರಿಂದ 800 ಚದರಡಿ, ಎರಡು ಬೆಡ್‌ರೂಮು, ಒಂದೇ ಬಚ್ಚಲು. ಬೆಂಗಳೂರಿನ ಈಗಿನ ಎಷ್ಟೋ ಟೂ ಬಿಎಚ್‌ಕೆ ಫ್ಲ್ಯಾಟ್‌ಗಿಂತ ಚಿಕ್ಕದು, ಆದರೆ ಸೈಟು ಮಾತ್ರ ಅರವತ್ತಕ್ಕೆ ನೂರಡಿ. 1949ರ ಮಾದರಿಯ ಬೆಲೆ 7,990 ಡಾಲರ್. ಮಾಜಿ ಸೈನಿಕನಾದರೆ ಮುಂಗಡ ಸೊನ್ನೆ, ತಿಂಗಳಿಗೆ 58 ಡಾಲರ್ ಕಂತು. ಆಗ ಫ್ಯಾಕ್ಟರಿ ಕೆಲಸಗಾರನ ವರ್ಷದ ದುಡಿಮೆ ಮೂರು ಸಾವಿರ ಡಾಲರ್‌ಗೆ ಸ್ವಲ್ಪ ಕಮ್ಮಿ. ಅಂದರೆ ಮೂರು ವರ್ಷದ ಸಂಬಳದ ಆಸುಪಾಸಿಗೆ ಒಂದು ಮನೆ! ಮುಂದಿನ ವರ್ಷದ ಮಾದರಿಯಲ್ಲಿ ಮೆಟ್ಟಿಲ ಕೆಳಗೆ ಟಿವಿಯನ್ನೂ ಗೋಡೆಯೊಳಗೆ ಕೂರಿಸಿಯೇ ಕೊಟ್ಟರು. ನಿಯಮಗಳೂ ಇದ್ದವು. ಬೇಲಿ ಹಾಕಬಾರದು, ವಾರಕ್ಕೊಮ್ಮೆ ಹುಲ್ಲು ಕತ್ತರಿಸಬೇಕು, ಶನಿವಾರ ಭಾನುವಾರ ಬಟ್ಟೆ ಒಣಹಾಕಬಾರದು.

ಇನ್ನೂ ಒಂದು ನಿಯಮ ಇತ್ತು. ಮನೆಯಲ್ಲಿ ಬಿಳಿಯ ಜನಾಂಗದವರು ಬಿಟ್ಟು ಬೇರೆ ಯಾರೂ ವಾಸ ಮಾಡಕೂಡದು, ಮನೆಗೆಲಸದವರಾದರೆ ಪರವಾಗಿಲ್ಲ. ಇದನ್ನು ಕರಾರು ಪತ್ರದಲ್ಲೇ ಅಚ್ಚು ಹಾಕಿಸಿದ್ದರು.

ಇದನ್ನು ಲೆವಿಟ್ ಎಂಬ ಒಬ್ಬ ಬಿಲ್ಡರ್‌ನ ಕೆಟ್ಟ ಬುದ್ಧಿ ಅಂತ ಮುಗಿಸಿಬಿಡುವುದು ಸುಲಭ. ಆದರೆ ಹಾಗಲ್ಲ. ಇಷ್ಟು ಮನೆಗಳಿಗೆ ಬ್ಯಾಂಕು ಸಾಲ ಕೊಟ್ಟಿದ್ದು ಸರ್ಕಾರದ ವಸತಿ ಇಲಾಖೆ ಖಾತ್ರಿ ನಿಂತಿದ್ದರಿಂದ. ಆ ಇಲಾಖೆ 1934ರಲ್ಲಿ ಹುಟ್ಟಿದಾಗಿನಿಂದ, ಕರಿಯರು ಇರುವ ಬಡಾವಣೆ ಅಂದರೆ ಅಪಾಯದ ಬಡಾವಣೆ, ಅಲ್ಲಿನ ಸಾಲಕ್ಕೆ ಖಾತ್ರಿ ಬೇಡ ಎನ್ನುವ ನೀತಿ ಇಟ್ಟುಕೊಂಡಿತ್ತು. ನಗರಗಳ ನಕ್ಷೆಯಲ್ಲಿ ಅಂಥ ಜಾಗಗಳಿಗೆ ಕೆಂಪು ಬಣ್ಣ ಬಳಿದದ್ದೂ ಇನ್ನೊಂದು ಸರ್ಕಾರಿ ಸಂಸ್ಥೆಯೇ. ಇಂಥ ಕರಾರುಗಳನ್ನು ಕೋರ್ಟುಗಳು ಜಾರಿ ಮಾಡಿಸುವಂತಿಲ್ಲ ಎಂದು 1948ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಪದ್ಧತಿ ನಿಲ್ಲಲಿಲ್ಲ. 1957ರಲ್ಲಿ ಪೆನ್ಸಿಲ್ವೇನಿಯಾದ ಎರಡನೇ ಲೆವಿಟ್‌ಟೌನ್‌ಗೆ ಮೈಯರ್ಸ್ ಎಂಬ ಕರಿಯ ದಂಪತಿ ಬಂದಾಗ ನೂರಾರು ಜನ ಮನೆ ಮುಂದೆ ಸೇರಿ ಕಲ್ಲು ತೂರಿದರು. ಗಂಡ ವಿಲಿಯಂ ಮೈಯರ್ಸ್ ಕೂಡ ಮಾಜಿ ಸೈನಿಕರೇ.

ಜಿಐ ಬಿಲ್‌ನಲ್ಲಿ ಕರಿಯ, ಬಿಳಿಯ ಎನ್ನುವ ಮಾತೇ ಇರಲಿಲ್ಲ. ಕಾನೂನು ಎಲ್ಲ ಸೈನಿಕರಿಗೂ ಒಂದೇ. ಆದರೆ ಅದನ್ನು ಜಾರಿ ಮಾಡುವ ಕೆಲಸ ಊರಿನ ಬ್ಯಾಂಕಿಗೆ, ಊರಿನ ಕಚೇರಿಗೆ, ಊರಿನ ಕಾಲೇಜಿಗೆ ಬಿಟ್ಟರು. ದಕ್ಷಿಣದ ರಾಜ್ಯಗಳ ಸಂಸದರು ಹಠ ಹಿಡಿದು ಹೀಗೆ ಮಾಡಿಸಿದ್ದರು. ಪರಿಣಾಮ ನೋಡಿ. 1947ರಲ್ಲಿ ಮಿಸಿಸಿಪ್ಪಿಯ 13 ಊರುಗಳಲ್ಲಿ ಮಾಜಿ ಸೈನಿಕರಿಗೆ ಮನೆ, ವ್ಯಾಪಾರ, ಹೊಲಕ್ಕೆ ಅಂತ ಖಾತ್ರಿ ಸಿಕ್ಕ ಸಾಲಗಳು 3,229. ಅದರಲ್ಲಿ ಕರಿಯರಿಗೆ ಸಿಕ್ಕಿದ್ದು ಎರಡು. ಎರಡು ಸಾವಿರ ಅಲ್ಲ, ಎರಡು. ದಕ್ಷಿಣ ಹಾಗೇ ಬಿಡಿ ಅನ್ನುವವರಿಗೆ ಉತ್ತರದ ಲೆಕ್ಕವೂ ಇದೆ: ನ್ಯೂಯಾರ್ಕ್ ಮತ್ತು ಉತ್ತರ ನ್ಯೂಜೆರ್ಸಿಯ ಉಪನಗರಗಳಲ್ಲಿ ಇದೇ ಕಾನೂನಿನಡಿ ಕೊಟ್ಟ 67,000 ಮನೆ ಸಾಲಗಳಲ್ಲಿ ಬಿಳಿಯರಲ್ಲದವರಿಗೆ ನೂರೂ ಹೋಗಲಿಲ್ಲ.

ಸಾಲದ ಮಾತು ಹಾಗಿರಲಿ, ಜೀವಂತವಾಗಿ ಊರು ಸೇರುವುದೇ ಕಷ್ಟವಾಗಿತ್ತು. ಐಸಾಕ್ ವುಡಾರ್ಡ್ ಎಂಬ ಕರಿಯ ಸೈನಿಕ 1946ರ ಫೆಬ್ರವರಿ 12ರಂದು ಸೇನೆಯಿಂದ ಬಿಡುಗಡೆಯಾದರು. ಪೆಸಿಫಿಕ್ ರಂಗದಲ್ಲಿ ಸೇವೆ ಮಾಡಿ ಬಂದ ಸಾರ್ಜೆಂಟ್. ಮೈಮೇಲೆ ಸಮವಸ್ತ್ರ, ಜೇಬಿನಲ್ಲಿ ಬಿಡುಗಡೆ ಪತ್ರ. ಜಾರ್ಜಿಯಾದಿಂದ ದಕ್ಷಿಣ ಕೆರೊಲಿನಾದ ಕಡೆಗೆ, ಹೆಂಡತಿ ಇರುವಲ್ಲಿಗೆ ಬಸ್ಸು ಹತ್ತಿದರು. ದಾರಿಯಲ್ಲಿ ಮೂತ್ರಕ್ಕೆ ನಿಲ್ಲಿಸಿ ಅಂದದ್ದಕ್ಕೆ ಡ್ರೈವರ್ ಜೊತೆ ಮಾತಿಗೆ ಮಾತು ಬೆಳೆಯಿತು. ಬೇಟ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಡ್ರೈವರ್ ಪೊಲೀಸರನ್ನು ಕರೆದ. ಅಲ್ಲಿನ ಪೊಲೀಸ್ ಮುಖ್ಯಸ್ಥ ಲಾಠಿಯಿಂದ ಹೊಡೆದು ಎರಡೂ ಕಣ್ಣು ಒಡೆದುಹಾಕಿದ. ಮಾರನೇ ದಿನ ಕೋರ್ಟಿನಲ್ಲಿ ದಂಡ ಹಾಕಿದ್ದು ಕಣ್ಣು ಕಳೆದುಕೊಂಡವರಿಗೆ! ಆ ಪೊಲೀಸನ ಮೇಲೆ ನವೆಂಬರ್‌ನಲ್ಲಿ ವಿಚಾರಣೆ ನಡೆದಾಗ ಬರೀ ಬಿಳಿಯರೇ ಇದ್ದ ಜ್ಯೂರಿ ಅರ್ಧ ಗಂಟೆಯಷ್ಟರಲ್ಲಿ ಅವನನ್ನು ಬಿಟ್ಟಿತು. ಟ್ರೂಮನ್‌ಗೆ ಈ ಸುದ್ದಿ ನಾಟಿತು. ಸ್ವತಃ ಮೊದಲ ಮಹಾಯುದ್ಧದ ಸೈನಿಕ, ಮಿಸೌರಿಯವರು, ಕರಿಯರ ಬಗ್ಗೆ ಹಳೇ ಕಾಲದ ಮಾತುಗಳನ್ನೇ ಆಡಿಕೊಂಡಿದ್ದವರು. ಅವರೇ ನಾಗರಿಕ ಹಕ್ಕುಗಳ ಸಮಿತಿ ಮಾಡಿದರು, 1948ರ ಜುಲೈ 26ರಂದು ಸೇನೆಯಲ್ಲಿ ಬಣ್ಣದ ಭೇದ ಇರಕೂಡದು ಎಂದು ಆಜ್ಞೆ ಹೊರಡಿಸಿದರು.

ಹೆಂಗಸರ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಯುದ್ಧದ ವರ್ಷಗಳಲ್ಲಿ ದುಡಿಯುವ ಹೆಂಗಸರ ಸಂಖ್ಯೆ ಸುಮಾರು 1.2 ಕೋಟಿಯಿಂದ 1.9 ಕೋಟಿಗೆ ಏರಿತ್ತು. ಹಡಗುಕಟ್ಟೆ, ವಿಮಾನ ಕಾರ್ಖಾನೆಗಳಲ್ಲಿ ಒಳ್ಳೆ ಸಂಬಳ ಸಿಗುತ್ತಿತ್ತು. ಮಕ್ಕಳನ್ನು ನೋಡಿಕೊಳ್ಳಲು ಸರ್ಕಾರದ ದುಡ್ಡಿನಲ್ಲಿ ಶಿಶುಕೇಂದ್ರಗಳಿದ್ದವು. ಯುದ್ಧ ಮುಗಿಯಿತು, ಕೇಂದ್ರ ಸರ್ಕಾರ 1946ರಲ್ಲಿ ಆ ದುಡ್ಡು ನಿಲ್ಲಿಸಿತು, ಬಹುಪಾಲು ಕೇಂದ್ರಗಳು ಮುಚ್ಚಿದವು. ಅಮೆರಿಕ ಆಮೇಲೆ ಇವತ್ತಿನವರೆಗೂ ಅಂಥದ್ದನ್ನು ಮತ್ತೆ ಮಾಡಿಲ್ಲ. ಅಲ್ಲಿರುವ ನಮ್ಮವರು ಡೇಕೇರ್ ಫೀ ಬಗ್ಗೆ ಗೊಣಗುವುದನ್ನು ಕೇಳಿದ್ದೀರಲ್ವಾ, ಅದರ ಬೇರು ಇಲ್ಲೂ ಇದೆ. 1950ರಲ್ಲಿ ಹೆಣ್ಣುಮಕ್ಕಳ ಮದುವೆಯ ವಯಸ್ಸು ಸರಾಸರಿ 20ಕ್ಕೆ ಇಳಿದಿತ್ತು. 1946ರಿಂದ 1964ರವರೆಗೆ ಹುಟ್ಟಿದ ಮಕ್ಕಳು 7.6 ಕೋಟಿ. ಆದರೆ ಎಲ್ಲ ಹೆಂಗಸರೂ ಅಡುಗೆಮನೆಗೆ ಹೋದರು ಅನ್ನುವುದು ಜಾಹೀರಾತಿನ ಚಿತ್ರ. ಕೆಲವೇ ವರ್ಷಗಳಲ್ಲಿ ಮತ್ತೆ ಕೆಲಸಕ್ಕೆ ಬಂದರು. ಆದರೆ ಈ ಸಲ ಟೈಪಿಸ್ಟ್, ಅಂಗಡಿಯ ಸೇಲ್ಸ್, ಟೆಲಿಫೋನ್ ಬೋರ್ಡು. ಸಂಬಳ ಕಮ್ಮಿ.

ಆಸ್ಪತ್ರೆ ವಿಮೆಯ ಕಥೆಯೂ ಇಲ್ಲಿಯದೇ. ಯುದ್ಧದಲ್ಲಿ ಸರ್ಕಾರ ಸಂಬಳ ಏರಿಸುವುದಕ್ಕೆ ತಡೆ ಹಾಕಿತ್ತು. ಕೆಲಸಗಾರರನ್ನು ಸೆಳೆಯಲು ಕಂಪನಿಗಳು, ಸಂಬಳ ಏರಿಸೋಕೆ ಆಗಲ್ಲ, ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತೇವೆ ಅಂದವು. ಅದಕ್ಕೆ ತಡೆ ಇರಲಿಲ್ಲ. ಟ್ರೂಮನ್ 1945ರ ನವೆಂಬರ್‌ನಲ್ಲಿ ಇಡೀ ದೇಶಕ್ಕೆ ಸರ್ಕಾರಿ ವಿಮೆ ತರೋಣ ಎಂದರು. ವೈದ್ಯರ ಸಂಘ ಇದು ಸಮಾಜವಾದ ಎಂದು ಲಕ್ಷಗಟ್ಟಲೆ ಡಾಲರ್ ಖರ್ಚು ಮಾಡಿ ಎದುರು ನಿಂತಿತು, ಮಸೂದೆ ಬಿತ್ತು. ಕಂಪನಿ ಕೊಡುವ ವಿಮೆಗೆ ತೆರಿಗೆ ಇಲ್ಲ ಎಂದು 1954ರ ಕಾನೂನು ಗಟ್ಟಿ ಮಾಡಿತು. ಎಚ್1ಬಿ ವೀಸಾದಲ್ಲಿರುವ ಒಬ್ಬ ಕನ್ನಡಿಗ ಕೆಲಸ ಕಳೆದುಕೊಂಡರೆ ಸಂಬಳದ ಜೊತೆಗೇ ಹೆಂಡತಿ ಮಕ್ಕಳ ಆಸ್ಪತ್ರೆ ವಿಮೆಯೂ ಹೋಗುತ್ತದೆ. ಇದನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಯುದ್ಧಕಾಲದ ಒಂದು ತಾತ್ಕಾಲಿಕ ಏರ್ಪಾಡು ಹಾಗೇ ಗಟ್ಟಿಯಾಗಿ ನಿಂತುಬಿಟ್ಟಿತು.

ಇಷ್ಟೆಲ್ಲ ಖರ್ಚಿಗೆ ದುಡ್ಡು ಎಲ್ಲಿಂದ ಬಂತು? 1946ರಲ್ಲಿ ಸರ್ಕಾರದ ಸಾಲ ದೇಶದ ಇಡೀ ವರ್ಷದ ಉತ್ಪನ್ನಕ್ಕಿಂತ ದೊಡ್ಡದಿತ್ತು. ಈಗಲೂ ಹೆಚ್ಚುಕಮ್ಮಿ ಅಷ್ಟೇ ಇದೆ, ಅದಕ್ಕೇ ಈ ಹೋಲಿಕೆ ಆಗಾಗ ಬರುತ್ತದೆ. ಆಗ ಸಾಲ ಕರಗಿದ್ದು ಮೂರು ದಾರಿಯಲ್ಲಿ. ಆರ್ಥಿಕತೆ ಬೇಗ ಬೆಳೆಯಿತು. ತೆರಿಗೆ ಜಾಸ್ತಿ ಇತ್ತು. 1950ರ ದಶಕದ ಬಹುಪಾಲು ವರ್ಷ ಮೇಲಿನ ಹಂತಕ್ಕೆ ಶೇ. 91. ಆದರೆ ಅದನ್ನು ಪೂರ್ತಿ ಕಟ್ಟಿದವರು ಬೆರಳೆಣಿಕೆಯಷ್ಟು, ತಪ್ಪಿಸಿಕೊಳ್ಳುವ ದಾರಿಗಳು ಬೇಕಾದಷ್ಟಿದ್ದವು. ಅದಕ್ಕಿಂತ ದೊಡ್ಡ ಬದಲಾವಣೆ ಅಂದರೆ ಸಾಮಾನ್ಯ ಸಂಬಳದಾರನೂ ತೆರಿಗೆ ಕಟ್ಟಲು ಶುರುಮಾಡಿದ್ದು. ಸಂಬಳದಲ್ಲೇ ಮುರಿದುಕೊಳ್ಳುವ ಪದ್ಧತಿ 1943ರಲ್ಲಿ ಬಂತು. ಮೂರನೆಯದು, ಕೇಂದ್ರ ಬ್ಯಾಂಕು 1951ರವರೆಗೆ ಬಡ್ಡಿಯನ್ನು ಶೇ. 2.5ರ ಮೇಲೆ ಹೋಗಲು ಬಿಡಲಿಲ್ಲ, ಬೆಲೆಗಳು ಮಾತ್ರ ಏರಿದವು. ದೇಶಪ್ರೇಮದಿಂದ ಯುದ್ಧ ಬಾಂಡ್ ಕೊಂಡಿದ್ದ ಆ 8.5 ಕೋಟಿ ಜನರ ದುಡ್ಡಿನ ಬೆಲೆ ಸದ್ದಿಲ್ಲದೆ ಕರಗಿತು. ಈಗಿನ ಸರ್ಕಾರ ಈ ಮೂರನೇ ದಾರಿ ಹಿಡಿದರೆ ಜನ ಸುಮ್ಮನಿರುತ್ತಾರಾ? ನನಗೆ ಅನುಮಾನ.

ಮತ್ತೆ ಹೊರಗಿನ ಪ್ರಪಂಚ. ಜರ್ಮನಿ, ಜಪಾನ್ ಪುಡಿಯಾಗಿದ್ದವು, ಬ್ರಿಟನ್ ಸಾಲದಲ್ಲಿ ಮುಳುಗಿತ್ತು. ಯುದ್ಧ ಮುಗಿದ ಆ ಹೊತ್ತಿನಲ್ಲಿ ಪ್ರಪಂಚದ ಕಾರ್ಖಾನೆ ಸಾಮಾನಿನ ಅರ್ಧದಷ್ಟು ಅಮೆರಿಕ ಒಂದೇ ಮಾಡುತ್ತಿತ್ತು. ಕೊಳ್ಳುವವರ ಕೈಯಲ್ಲಿ ದುಡ್ಡಿಲ್ಲದಿದ್ದರೆ ಮಾರುವುದು ಯಾರಿಗೆ? 1948ರಿಂದ 1952ರವರೆಗೆ ಮಾರ್ಷಲ್ ಯೋಜನೆಯಲ್ಲಿ ಯುರೋಪಿಗೆ ಕೊಟ್ಟ ಸುಮಾರು 1,300 ಕೋಟಿ ಡಾಲರಿನಲ್ಲಿ ದೊಡ್ಡ ಪಾಲು ಅಮೆರಿಕದ ಸಾಮಾನು ಕೊಳ್ಳುವುದಕ್ಕೇ ವಾಪಸ್ ಬಂತು. ದಾನವೂ ಹೌದು, ವ್ಯಾಪಾರವೂ ಹೌದು, ಕಮ್ಯುನಿಸ್ಟರನ್ನು ತಡೆಯುವ ಲೆಕ್ಕವೂ ಹೌದು. ನಮ್ಮ ಕಡೆಗೂ ಇದರ ಒಂದು ಎಳೆ ಬಂದಿದೆ. ಹಸಿದ ಯುರೋಪಿಗೆ ಆಹಾರದ ಪೊಟ್ಟಣ ಕಳಿಸಲು 1945ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಂಸ್ಥೆ ಕೇರ್. ಮೊದಲ ಪೊಟ್ಟಣಗಳು ಸೇನೆಯಲ್ಲಿ ಮಿಕ್ಕಿದ ರೇಷನ್. 1954ರಲ್ಲಿ ಮಿಕ್ಕಿದ ಗೋಧಿಯನ್ನು ಬೇರೆ ದೇಶಗಳಿಗೆ ಕೊಡುವ ಪಿಎಲ್ 480 ಕಾನೂನೂ ಬಂತು. ನಮ್ಮ ಹಿರಿಯರು ಪ್ರೈಮರಿ ಸ್ಕೂಲಿನಲ್ಲಿ ತಿಂದ ಕೇರ್ ಉಪ್ಪಿಟ್ಟು, ಹಾಲಿನ ಪುಡಿಯ ಹಾಲು ಅಂತ ನೆನೆಸಿಕೊಳ್ಳುತ್ತಾರಲ್ಲ, ಅದು ಬಂದದ್ದು ಈ ದಾರಿಯಲ್ಲೇ.

ಈಗ ಸುಂಕ ಹಾಕಿದರೆ ಆ ಪರಿಸ್ಥಿತಿ ವಾಪಸ್ ಬರುತ್ತದಾ? ಎದುರಾಳಿಗಳೆಲ್ಲ ನೆಲಕಚ್ಚಿದ್ದ ಕಾಲವನ್ನು ಸುಂಕದಿಂದ ತರಲಾಗುವುದಿಲ್ಲ. 1950ರ ದಶಕದ ಆರಂಭದಲ್ಲಿ ಹೊಲದ ಕೆಲಸ ಬಿಟ್ಟು ಉಳಿದ ಕೆಲಸಗಳಲ್ಲಿ ಸುಮಾರು ಮೂರನೇ ಒಂದು ಭಾಗ ಫ್ಯಾಕ್ಟರಿಯದು. ಈಗ ನೂರಕ್ಕೆ ಎಂಟು. ಇವತ್ತು ಹೊಸ ಫ್ಯಾಕ್ಟರಿ ಬಂದರೂ ಅದರಲ್ಲಿ ರೋಬೋಟುಗಳೇ ಜಾಸ್ತಿ.

ಸಂಸ್ಕೃತಿಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಇದರ ಬಗ್ಗೆ ಎಲ್ಲರೂ ಬರೆದಿದ್ದಾರೆ. 1950ರಲ್ಲಿ ಹತ್ತು ಮನೆಗೆ ಒಂದೂ ಟಿವಿ ಇರಲಿಲ್ಲ, 1960ಕ್ಕೆ ಹತ್ತರಲ್ಲಿ ಒಂಬತ್ತು ಮನೆಯಲ್ಲಿತ್ತು. ಅದೇ ಹೊತ್ತಿಗೆ ಬಾಯಿಗೆ ಬೀಗವೂ ಬಿತ್ತು. 1947ರಲ್ಲಿ ಟ್ರೂಮನ್ ಸರ್ಕಾರಿ ನೌಕರರ ನಿಷ್ಠೆ ಪರೀಕ್ಷೆ ಶುರುಮಾಡಿದರು, ಹಾಲಿವುಡ್‌ನ ಹತ್ತು ಜನ ನೀವು ಕಮ್ಯುನಿಸ್ಟರಾ ಎಂಬ ಸಂಸತ್ತಿನ ಸಮಿತಿಯ ಪ್ರಶ್ನೆಗೆ ಉತ್ತರಿಸದೆ ಜೈಲಿಗೆ ಹೋದರು, 1950ರ ಫೆಬ್ರವರಿಯಲ್ಲಿ ಮೆಕಾರ್ಥಿ ಎಂಬ ಸೆನೆಟರ್ ಎದ್ದು ನಿಂತು ನನ್ನ ಕೈಯಲ್ಲಿ ಕಮ್ಯುನಿಸ್ಟರ ಪಟ್ಟಿ ಇದೆ ಅಂದರು. ಪಕ್ಕದ ಮನೆಯವರ ಹಾಗೇ ಇರಬೇಕು, ಬೇರೆ ಥರ ಇದ್ದರೆ ಅನುಮಾನ. ಆ ಕಾಲದ ಅಚ್ಚುಕಟ್ಟಿನ ಹಿಂದೆ ಈ ಹೆದರಿಕೆಯೂ ಇತ್ತು. ಇನ್ನು ರಸ್ತೆ. 1956ರ ಕಾನೂನಿನಿಂದ 41,000 ಮೈಲಿ ಹೆದ್ದಾರಿ, ಖರ್ಚಿನ ಶೇ. 90 ಕೇಂದ್ರದ್ದು. ಉಪನಗರದ ಬಿಳಿಯರು ಕಾರಿನಲ್ಲಿ ನಗರಕ್ಕೆ ಬಂದು ಹೋಗಲು ಅನುಕೂಲವಾಯಿತು. ಆ ರಸ್ತೆ ಹಾದುಹೋದದ್ದು ಮಾತ್ರ ಸೇಂಟ್ ಪಾಲ್‌ನ ರೊಂಡೋ, ಮಯಾಮಿಯ ಓವರ್‌ಟೌನ್‌ನಂಥ ಕರಿಯರ ಬಡಾವಣೆಗಳನ್ನು ಸೀಳಿಕೊಂಡು.

ಇವತ್ತಿನ ಲೆಕ್ಕಕ್ಕೆ ಬರೋಣ. 1960ರಲ್ಲಿ ಬಿಳಿಯರಲ್ಲಿ ಸ್ವಂತ ಮನೆ ಇದ್ದವರು ನೂರಕ್ಕೆ ಸುಮಾರು 64, ಕರಿಯರಲ್ಲಿ 38. ಈಗ ಬಿಳಿಯರಲ್ಲಿ ಸುಮಾರು 74, ಕರಿಯರಲ್ಲಿ 45. ಅಷ್ಟೆಲ್ಲ ಕಾನೂನು, ಚಳವಳಿ, ಒಬ್ಬ ಕರಿಯ ಅಧ್ಯಕ್ಷ ಎಲ್ಲ ಆದ ಮೇಲೂ ಅಂತರ ಕಮ್ಮಿಯಾಗಿಲ್ಲ. 2022ರ ಕೇಂದ್ರ ಬ್ಯಾಂಕ್ ಸಮೀಕ್ಷೆಯಲ್ಲಿ ನಡುಮಟ್ಟದ ಬಿಳಿಯ ಕುಟುಂಬದ ಆಸ್ತಿ ಸುಮಾರು 2,85,000 ಡಾಲರ್, ಕರಿಯ ಕುಟುಂಬದ್ದು 45,000ಕ್ಕೂ ಸ್ವಲ್ಪ ಕಮ್ಮಿ. ಅಮೆರಿಕದ ಮಧ್ಯಮ ವರ್ಗದ ಆಸ್ತಿ ಅಂದರೆ ಮುಖ್ಯವಾಗಿ ಮನೆ. 1949ರಲ್ಲಿ 7,990 ಡಾಲರಿಗೆ ಕೊಂಡ ಆ ಪುಟ್ಟ ಮನೆಗಳು ಇವತ್ತು ಆರು ಲಕ್ಷ ಡಾಲರಿನ ಮೇಲೆ ಮಾರಾಟವಾಗುತ್ತವೆ. ಅಜ್ಜ ಕೊಂಡ, ಮಗ ಅದನ್ನು ಅಡ ಇಟ್ಟು ಮೊಮ್ಮಗನನ್ನು ಕಾಲೇಜಿಗೆ ಕಳಿಸಿದ. ಅಜ್ಜನಿಗೆ ಸಾಲ ಸಿಗದವನ ಮನೆಯಲ್ಲಿ ಈ ಸರಪಳಿಯೇ ಶುರುವಾಗಲಿಲ್ಲ.

ಭಾರತೀಯರು ಈ ಕಥೆಗೆ ತಡವಾಗಿ ಬಂದವರು. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಪೌರತ್ವ ಕೊಡಲಾಗದು ಎಂದಿತ್ತು. 1946ರ ಜುಲೈನಲ್ಲಿ ಬಂದ ಕಾನೂನು ಪೌರತ್ವದ ಹಕ್ಕು ಕೊಟ್ಟಿತು, ಆದರೆ ವರ್ಷಕ್ಕೆ 100 ಜನಕ್ಕೆ ಮಾತ್ರ ಬಾಗಿಲು. ದೊಡ್ಡ ಬಾಗಿಲು ತೆರೆದದ್ದು 1965ರಲ್ಲಿ. ಅಷ್ಟರಲ್ಲಿ ಕರಿಯರ ಚಳವಳಿ ಮನೆ, ಶಾಲೆ, ಕೆಲಸದ ಬಾಗಿಲುಗಳನ್ನು ತಳ್ಳಿ ತಳ್ಳಿ ತೆರೆಸುತ್ತಿತ್ತು. ನ್ಯೂಜೆರ್ಸಿಯ ಎಡಿಸನ್‌ನಲ್ಲೋ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲೋ ಮನೆ ತಗೊಂಡು, ನಾವು ಕಷ್ಟಪಟ್ಟು ಬಂದೆವು, ಅವರ್ಯಾಕೆ ಮುಂದೆ ಬರಲಿಲ್ಲ ಅಂತ ಕೇಳುವ ನಮ್ಮವರು ಇದ್ದಾರೆ. ಅವರು ಆ 3,229ರಲ್ಲಿ ಎರಡು ಎನ್ನುವ ಲೆಕ್ಕವನ್ನು ಒಮ್ಮೆ ನೋಡಬೇಕು.

ಆಗಿನ ಮನೆ ಈಗ ಯಾಕೆ ಕಟ್ಟಲಾಗುವುದಿಲ್ಲ ಅನ್ನುವುದಕ್ಕೂ ಉತ್ತರ ಆ ಕಾಲದಲ್ಲೇ ಇದೆ. ಬಹಳಷ್ಟು ನಗರಗಳಲ್ಲಿ ವಾಸದ ಜಾಗದ ಮುಕ್ಕಾಲು ಭಾಗದಲ್ಲಿ ಒಂದು ಸೈಟಿಗೆ ಒಂದೇ ಕುಟುಂಬದ ಮನೆ ಅನ್ನುವ ನಿಯಮವಿದೆ. ಮೊದಲು ಬಂದವರು ನಿಯಮ ಗಟ್ಟಿ ಮಾಡಿಕೊಂಡರು, ಅಪಾರ್ಟ್‌ಮೆಂಟ್ ಬೇಡ ಅಂದರು, ಬೆಲೆ ಏರಿತು. ಮೊದಲ ಮನೆ ಕೊಳ್ಳುವವರ ಸರಾಸರಿ ವಯಸ್ಸು 2024ರಲ್ಲಿ 38 ಆಗಿತ್ತು. ಇದು ಈಗ ಬಿಳಿಯ ಹುಡುಗರನ್ನೂ ಮುಟ್ಟಿರುವುದರಿಂದಲೇ ಹಳೇ ದಿನಗಳ ಮಾತು ಇಷ್ಟು ಜೋರಾಗಿದೆ ಅನ್ನುವುದು ನನ್ನ ಅಂದಾಜು.

ಆಗ ಕರಿಯರಿಗೆ ಆದ ಅನ್ಯಾಯಕ್ಕೆ ಪರಿಹಾರ ಅಂತ ಒಂದು ಮಸೂದೆ 2021ರಲ್ಲಿ ಅಮೆರಿಕದ ಸಂಸತ್ತಿಗೆ ಬಂತು. ಎರಡನೇ ಮಹಾಯುದ್ಧದಲ್ಲಿದ್ದ ಕರಿಯ ಸೈನಿಕರಿಗೆ ಆಗ ಸಿಗದ ಮನೆ ಸಾಲದ ಖಾತ್ರಿ ಮತ್ತು ಓದಿನ ನೆರವನ್ನು ಅವರ ಮಕ್ಕಳು ಮೊಮ್ಮಕ್ಕಳಿಗಾದರೂ ಕೊಡೋಣ ಎನ್ನುವುದು ಅದರ ತಿರುಳು. ಸಾರ್ಜೆಂಟ್ ವುಡಾರ್ಡ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಸರ್ಕಾರವೇ ತಡೆದದ್ದನ್ನು ಸರ್ಕಾರವೇ ಕೊಡಬೇಕು ಎನ್ನುವ ಸರಳ ವಾದ. ಆ ಮಸೂದೆ ಪಾಸಾಗಲಿಲ್ಲ, ಆಮೇಲೆ ಮತ್ತೆ ಮಂಡಿಸಿದರೂ ಮುಂದೆ ಹೋಗಲಿಲ್ಲ. 1950ರ ದಿನಗಳನ್ನು ವಾಪಸ್ ತರುತ್ತೇವೆ ಎಂದು ಓಟು ಕೇಳುವವರ ಭಾಷಣಗಳಲ್ಲಿ ಸುಂಕದ ಮಾತು ಬೇಕಾದಷ್ಟಿದೆ, ಈ ಮಸೂದೆಯ ಹೆಸರಿಲ್ಲ.